ಡ್ರಮ್ಮಿಗೆ ದಂಡ, ನಲ್ಲಿಗೆ ಮಾಫಿ

1883ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹಂಗಾಮಿ ಸೇನಾ ವೈದ್ಯನಾಗಿ ಬಂದ ರೊನಾಲ್ಡ್ ರಾಸ್ ಎಂಬ ತರುಣನಿಗೆ, ತಾನು ಉಳಿದಿದ್ದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವೆನಿಸಿತು. ಕಿಟಕಿಯ ಹೊರಗೆ ನೀರು ತುಂಬಿಟ್ಟಿದ್ದ ಪೀಪಾಯಿಯೊಂದರಲ್ಲಿ ಹುಳುಗಳು ಮಿಸುಕಾಡುತ್ತಿದ್ದುದು ಕಣ್ಣಿಗೆ ಬಿತ್ತು. ಪೀಪಾಯಿಯ ನೀರು ಚೆಲ್ಲಿದ ಮೇಲೆ ಸೊಳ್ಳೆಗಳು ತಗ್ಗಿದವು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ಪಡೆದ ವಿಜ್ಞಾನಿಗೆ ಮೊದಲ ಪಾಠ ಹೇಳಿಕೊಟ್ಟದ್ದು ಬೆಂಗಳೂರಿನ ಒಂದು ಪೀಪಾಯಿ.

ನೂರನಲವತ್ತು ವರ್ಷಗಳ ನಂತರವೂ ಕರ್ನಾಟಕದ ಆರೋಗ್ಯಾಡಳಿತ ಅದೇ ಪೀಪಾಯಿಯ ಸುತ್ತ ಸುತ್ತುತ್ತಿದೆ. ಒಂದೇ ವ್ಯತ್ಯಾಸ. ಸೇನಾಧಿಕಾರಿಯ ಬಂಗಲೆಯಲ್ಲಿ ಚೆಲ್ಲಿದ ನೀರನ್ನು ಮರುದಿನ ಮತ್ತೆ ತುಂಬಿಸಲು ಆಳುಕಾಳುಗಳಿದ್ದರು. ಇಂದಿನ ಪೀಪಾಯಿ ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮಾಗಿದೆ. ಅದು ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ನಿಂತಿದೆ. ಅದನ್ನು ಉರುಳಿಸಿದರೆ ಮುಂದಿನ ಸರದಿಯವರೆಗೆ ಆ ಮನೆಯಲ್ಲಿ ಪಾತ್ರೆ ತೊಳೆಯಲೂ ನೀರಿಲ್ಲ. ಡ್ರಮ್ಮಿನಲ್ಲಿ ಲಾರ್ವಾ ಇದೆಯೇ ಎಂದು ಬಗ್ಗಿ ನೋಡುವ ಸರ್ಕಾರ, ಡ್ರಮ್ಮು ಅಲ್ಲಿ ಏಕಿದೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ.

2024ರ ಸೆಪ್ಟೆಂಬರ್ ಆರಂಭದಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಅದೇ ಅಧಿಸೂಚನೆಯಲ್ಲಿ ಸೊಳ್ಳೆ ಸಾಕುವವರಿಗೆ ದಂಡದ ಪಟ್ಟಿಯೂ ಇತ್ತು. ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ವಾಣಿಜ್ಯ ಸಂಸ್ಥೆಗಳಿಗೆ ನಗರದಲ್ಲಿ 1,000, ಹಳ್ಳಿಯಲ್ಲಿ 500. ಖಾಲಿ ನಿವೇಶನ ಮತ್ತು ನಿರ್ಮಾಣದ ಜಾಗಗಳಿಗೆ ನಗರದಲ್ಲಿ 2,000, ಹಳ್ಳಿಯಲ್ಲಿ 1,000. ಆ ಹೊತ್ತಿಗೆ ವರ್ಷದ ಅಧಿಕೃತ ಪ್ರಕರಣಗಳು 24 ಸಾವಿರ ದಾಟಿದ್ದವು. ಅವುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಬೆಂಗಳೂರಿನವು. ಜುಲೈ ತಿಂಗಳಲ್ಲಿಯೇ ಉಚ್ಚ ನ್ಯಾಯಾಲಯ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡಿತ್ತು. ವಿರೋಧ ಪಕ್ಷ ವೈದ್ಯಕೀಯ ತುರ್ತುಪರಿಸ್ಥಿತಿ ಘೋಷಿಸಿ ಎಂದಾಗ, ಅಂಥ ಅಗತ್ಯವಿಲ್ಲ ಎಂದವರು ಮಳೆಗಾಲದ ಮೂರು ತಿಂಗಳು ಕಳೆದ ಮೇಲೆ ಎಚ್ಚೆತ್ತು ರಸೀದಿ ಪುಸ್ತಕ ಮುದ್ರಿಸಲು ಹೊರಟರು.

ಸರ್ಕಾರ ಏನೂ ಮಾಡಲಿಲ್ಲ ಎನ್ನುವುದು ಸುಳ್ಳಾಗುತ್ತದೆ. ಖಾಸಗಿ ಪ್ರಯೋಗಾಲಯಗಳಲ್ಲಿ ಡೆಂಗಿ ಎಲೈಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿಯ ಮಿತಿ ಹೇರಿದ್ದು ಒಳ್ಳೆಯ ಕೆಲಸ. ಆಶಾ ಕಾರ್ಯಕರ್ತೆಯರು ಬಿಸಿಲು ಮಳೆಯೆನ್ನದೆ ಮನೆ ಮನೆ ಸುತ್ತಿದ್ದೂ ನಿಜ. ಇಲ್ಲಿರುವ ತಕರಾರು ಸರ್ಕಾರದ ಸೋಮಾರಿತನದ ಬಗ್ಗೆ ಅಲ್ಲ. ಅದರ ಆರೋಪಪಟ್ಟಿಯ ಬಗ್ಗೆ. ರೋಗಕ್ಕೆ ಕಾರಣರಾದವರನ್ನು ಹುಡುಕಲು ಹೊರಟ ಪ್ರಭುತ್ವ, ತನ್ನನ್ನು ಬಿಟ್ಟು ಉಳಿದೆಲ್ಲರನ್ನೂ ಹಿಡಿದು ನಿಲ್ಲಿಸಿದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕಿಗಿಂತ ಮನೆಯೊಳಗಿನ ತಿಳಿನೀರನ್ನು ಇಷ್ಟಪಡುತ್ತದೆ. ತೊಟ್ಟಿಯ ಒಳಗೋಡೆಗೆ, ನೀರಿನ ಅಂಚಿಗೆ ಸ್ವಲ್ಪ ಮೇಲೆ, ಅದು ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಬೇಕಾಗುವುದು ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನ. ನೀರು ಒಣಗಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಹಾಗಾಗಿ ವಾರಕ್ಕೊಮ್ಮೆ ಪಾತ್ರೆಗಳನ್ನೆಲ್ಲ ಬರಿದು ಮಾಡಿ, ತಿಕ್ಕಿ ತೊಳೆದು, ಒಣಗಿಸಬೇಕು. ಆರೋಗ್ಯ ಇಲಾಖೆಯ ಕರಪತ್ರಗಳಲ್ಲಿರುವ ಈ ಉಪದೇಶ ವೈಜ್ಞಾನಿಕವಾಗಿ ಸರಿಯೇ. ಆದರೆ ಅದು ನಲ್ಲಿಯಲ್ಲಿ ದಿನವೂ ನೀರು ಬರುವವರಿಗೆ ಬರೆದ ಉಪದೇಶ.

ಹುಬ್ಬಳ್ಳಿ-ಧಾರವಾಡದ ಬಹುಪಾಲು ಬಡಾವಣೆಗಳು ದಶಕಗಳ ಕಾಲ ವಾರಕ್ಕೊಮ್ಮೆ ಬರುವ ನೀರಿಗೆ ಕಾದವು. ಬೇಸಿಗೆಯಲ್ಲಿ ಆ ಕಾಯುವಿಕೆ ಇನ್ನೂ ಉದ್ದ. ಅದೇ ನಗರದ ಕೆಲವು ಪ್ರಾಯೋಗಿಕ ವಾರ್ಡುಗಳಿಗೆ, ಹಾಗೆಯೇ ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ, 2008ರ ಹೊತ್ತಿಗೆ ಹಗಲಿರುಳು ನೀರು ಬರತೊಡಗಿತು. ಅಂದರೆ ಅದು ಅಸಾಧ್ಯವಾದ ಕೆಲಸವಾಗಿರಲಿಲ್ಲ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ತೀರ್ಮಾನವಾಗಿತ್ತು. ಎಂಟು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಏಳನೆಯ ದಿನ ಡ್ರಮ್ಮು ಬರಿದು ಮಾಡಿ ಒಣಗಿಸು ಎಂದರೆ, ಆ ತಾಯಿ ಎಂಟನೆಯ ದಿನದವರೆಗೆ ಏನು ಮಾಡಬೇಕು? ಸೊಳ್ಳೆಯ ಸರದಿಗಿಂತ ನಲ್ಲಿಯ ಸರದಿ ಉದ್ದವಾಗಿರುವವರೆಗೆ ಯಾವ ಅಧಿಸೂಚನೆಯೂ ಸೊಳ್ಳೆಯನ್ನು ಗೆಲ್ಲಲಾರದು.

ಬೆಂಗಳೂರಿನ ಕಥೆ ಇನ್ನಷ್ಟು ನಿಚ್ಚಳ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆ ಎಂದು ಉಪಮುಖ್ಯಮಂತ್ರಿಯೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡುವ ದೃಶ್ಯ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಂಥ ಬೇಸಿಗೆಯಲ್ಲಿ ಜನ ಮಾಡಬಹುದಾದದ್ದು ಒಂದೇ: ಸಿಕ್ಕ ಪಾತ್ರೆಗಳಲ್ಲೆಲ್ಲ ನೀರು ತುಂಬಿಡುವುದು. ಅವರು ಹಾಗೆಯೇ ಮಾಡಿದರು. ಮಳೆ ಬಂತು, ಮಳೆಯ ಹಿಂದೆ ಡೆಂಗಿ ಬಂತು, ಡೆಂಗಿಯ ಹಿಂದೆ ದಂಡದ ಚೀಟಿ ಬಂತು. ಮಾರ್ಚಿಯಲ್ಲಿ ನೀರು ಚೆಲ್ಲುವುದು ಅಪರಾಧವಾಗಿತ್ತು. ಸೆಪ್ಟೆಂಬರಿನಲ್ಲಿ ನೀರು ಕೂಡಿಡುವುದು ಅಪರಾಧವಾಯಿತು. ಎರಡೂ ತಿಂಗಳಲ್ಲಿ ಅಪರಾಧಿ ಮಾತ್ರ ಒಬ್ಬರೇ.

2007ರಲ್ಲಿ ಬೆಂಗಳೂರು ಮಹಾನಗರಕ್ಕೆ 110 ಹಳ್ಳಿಗಳನ್ನು ಸೇರಿಸಲಾಯಿತು. ಅಲ್ಲಿನ ಕೆರೆಗಳನ್ನು ಬಡಾವಣೆಗಳು ನುಂಗಿದವು, ಮನೆ ಕಂದಾಯ ನಗರದ ದರಕ್ಕೆ ಏರಿತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ದಂಡದ ಅಧಿಸೂಚನೆ ಬಂದು ಒಂದು ತಿಂಗಳಾದ ಮೇಲೆ. ಹದಿನೇಳು ವರ್ಷ ಜನರನ್ನು ಟ್ಯಾಂಕರು, ಸಂಪು, ಡ್ರಮ್ಮುಗಳ ಪಾಲಿಗೆ ಬಿಟ್ಟ ಆಡಳಿತಕ್ಕೆ ಎಷ್ಟು ರೂಪಾಯಿ ದಂಡ? ಆ ಸಾಲು ಅಧಿಸೂಚನೆಯಲ್ಲಿ ಎಲ್ಲೂ ಇಲ್ಲ.

ದಂಡದ ಗಣಿತವನ್ನೂ ಒಮ್ಮೆ ನೋಡಬೇಕು. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಹಳ್ಳಿಯ ಕೂಲಿಕಾರಳ ಮನೆಯ ತೊಟ್ಟಿಯಲ್ಲಿ ಲಾರ್ವಾ ಕಂಡರೆ ಅವಳ ಅರ್ಧ ದಿನಕ್ಕಿಂತ ಹೆಚ್ಚಿನ ದುಡಿಮೆ ಹೋಯಿತು. ಬೆಂಗಳೂರಿನಲ್ಲಿ ಇಪ್ಪತ್ತು ಮಹಡಿ ಎಬ್ಬಿಸುತ್ತಿರುವ ಬಿಲ್ಡರಿನ ನೆಲಮಾಳಿಗೆಯ ಗುಂಡಿಯಲ್ಲಿ ಕೋಟಿ ಲಾರ್ವಾಗಳಿದ್ದರೂ ದಂಡ 2,000 ರೂಪಾಯಿ. ಆತ ಮಾರುವ ಮನೆಯ ಅರ್ಧ ಚದರಡಿಯ ಬೆಲೆಯೂ ಅಲ್ಲ ಅದು. ಒಬ್ಬರಿಗೆ ಇದು ಶಿಕ್ಷೆ. ಇನ್ನೊಬ್ಬರಿಗೆ ಸೊಳ್ಳೆ ಸಾಕಲು ಕೊಟ್ಟ ಅಗ್ಗದ ಪರವಾನಗಿ.

ನಿರ್ಮಾಣದ ಜಾಗ ಎಂಬುದು ಸಣ್ಣ ವಿಷಯವಲ್ಲ ಎಂಬುದಕ್ಕೆ ಮಂಗಳೂರು ಸಾಕ್ಷಿ. ತೊಂಬತ್ತರ ದಶಕದಿಂದ ಆ ನಗರ ಕಟ್ಟಡಗಳ ಕಾಡಾಗಿ ಬೆಳೆಯುತ್ತಿದ್ದಂತೆಯೇ ಮಲೇರಿಯಾ ಅಲ್ಲಿ ಬೇರು ಬಿಟ್ಟಿತು. ವರ್ಷಗಟ್ಟಲೆ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಮಂಗಳೂರಿನದೇ ಆಗಿತ್ತು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ನಗರದ ಸೊಳ್ಳೆಗೆ ಕ್ಯೂರಿಂಗಿಗೆಂದು ತಾರಸಿಯ ಮೇಲೆ ಕಟ್ಟಿ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ಟ್ಯಾಂಕು, ಪಾಳುಬಿದ್ದ ಬಾವಿ ಎಲ್ಲವೂ ತವರುಮನೆ. ಆದರೆ ಊರಿನ ಮಾತು ಬೇರೆ ದಾರಿ ಹಿಡಿಯಿತು: ಉತ್ತರ ಕರ್ನಾಟಕದಿಂದ, ಬಿಹಾರ, ಬಂಗಾಳ, ಒಡಿಶಾಗಳಿಂದ ಬಂದ ಕೂಲಿಗಳೇ ಮಲೇರಿಯಾ ತಂದರು. ಸೊಳ್ಳೆಪರದೆ ಇಲ್ಲದ ತಗಡಿನ ಶೆಡ್ಡಿನಲ್ಲಿ ಅವರನ್ನು ಮಲಗಿಸಿದವರ ಬಗ್ಗೆ, ಅವರಿಗೆ ಜ್ವರ ಬಂದ ದಿನ ಕೂಲಿ ಕತ್ತರಿಸಿದವರ ಬಗ್ಗೆ ಊರು ಮಾತಾಡಲಿಲ್ಲ. ರೋಗ ಹೊತ್ತು ತಂದವರು ಎಂಬ ನೋಟವನ್ನು ಪರದೇಶದಲ್ಲಿ ಎದುರಿಸಿದ ಅನಿವಾಸಿಗಳಿಗೆ ಈ ಅನ್ಯಾಯದ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೊಗೆ. ರೋಗ ಹೆಚ್ಚಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಸಂಜೆ ಬೀದಿಗೆ ಫಾಗಿಂಗ್ ಯಂತ್ರ ಬರುತ್ತದೆ. ಶಾಸಕರು ಹಸಿರು ನಿಶಾನೆ ತೋರುತ್ತಾರೆ, ಮಕ್ಕಳು ಹೊಗೆಯ ಹಿಂದೆ ಓಡುತ್ತಾರೆ, ಫೋಟೋ ತೆಗೆಯಲಾಗುತ್ತದೆ. ಹೊಗೆ ಕೊಲ್ಲುವುದು ಆ ಗಳಿಗೆಯಲ್ಲಿ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಅದು ಮನೆಯೊಳಗೆ ಮಂಚದ ಕೆಳಗೆ, ತೂಗುಹಾಕಿದ ಬಟ್ಟೆಯ ಮರೆಯಲ್ಲಿ ಕೂರುತ್ತದೆ. ಬೀದಿಯ ಹೊಗೆ ಅಲ್ಲಿಗೆ ತಲುಪುವುದಿಲ್ಲ, ಡ್ರಮ್ಮಿನೊಳಗಿನ ಲಾರ್ವಾವನ್ನಂತೂ ಮುಟ್ಟುವುದೇ ಇಲ್ಲ. ಇದು ಇಲಾಖೆಯ ಕೀಟಶಾಸ್ತ್ರಜ್ಞರಿಗೆ ಚೆನ್ನಾಗಿ ಗೊತ್ತು. ಆದರೂ ಹೊಗೆ ಏಳುತ್ತದೆ, ಏಕೆಂದರೆ ಕೊಳಾಯಿ ಹಾಕುವ ಕೆಲಸ ಕಣ್ಣಿಗೆ ಕಾಣಲು ವರ್ಷಗಳು ಬೇಕು. ಹೊಗೆ ಹತ್ತು ನಿಮಿಷದಲ್ಲಿ ಕಾಣುತ್ತದೆ.

ಹೊಗೆಯಷ್ಟೇ ಮಸುಕಾದದ್ದು ಸರ್ಕಾರದ ಲೆಕ್ಕ. 2006ರಲ್ಲಿ ಚಿಕೂನ್‌ಗುನ್ಯ ಮೂರು ದಶಕಗಳ ನಂತರ ದೇಶಕ್ಕೆ ಮರಳಿದಾಗ ಅತಿ ಹೆಚ್ಚು ಬಸವಳಿದ ರಾಜ್ಯ ಕರ್ನಾಟಕ. ದೇಶದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಇಲ್ಲಿನವು. ಕಲಬುರಗಿ, ಬೀದರ್, ರಾಯಚೂರು, ತುಮಕೂರಿನಂಥ ನೀರಿನ ಬವಣೆಯ ಜಿಲ್ಲೆಗಳಲ್ಲಿ ಊರಿಗೆ ಊರೇ ಕೀಲು ಹಿಡಿದು ಮಲಗಿತು. ಹೊಲದ ಕೆಲಸಕ್ಕೆ ಬಗ್ಗಲಾರದೆ ಜನ ತಿಂಗಳುಗಟ್ಟಲೆ ಕೂಲಿ ಕಳೆದುಕೊಂಡರು. ಆ ವರ್ಷ ಚಿಕೂನ್‌ಗುನ್ಯದಿಂದ ಸತ್ತವರು ಯಾರೂ ಇಲ್ಲ ಎಂಬುದೇ ದೇಶದ ಅಧಿಕೃತ ನಿಲುವಾಗಿತ್ತು. ಅಹಮದಾಬಾದಿನ ಜನನ-ಮರಣ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, 2006ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಆ ಒಂದೇ ನಗರದಲ್ಲಿ ವಾಡಿಕೆಗಿಂತ 2,944 ಸಾವುಗಳು ಹೆಚ್ಚಾಗಿದ್ದವೆಂದು 2008ರಲ್ಲಿ ಪ್ರಕಟಿಸಿದರು. ಕರ್ನಾಟಕದ ಹಳ್ಳಿಗಳಲ್ಲಿ ಆ ವರ್ಷ ಹೊತ್ತ ಹೆಣಗಳ ಹೊಣೆ ವಯಸ್ಸಿನ ಮೇಲೆ, ಸಕ್ಕರೆ ಕಾಯಿಲೆಯ ಮೇಲೆ, ಹಣೆಬರಹದ ಮೇಲೆ ಬಿತ್ತು.

ಡೆಂಗಿಯ ಲೆಕ್ಕವೂ ಬೇರೆಯಲ್ಲ. ನಿಗದಿತ ಎಲೈಸಾ ಪರೀಕ್ಷೆಯಲ್ಲಿ ದೃಢಪಟ್ಟ ಪ್ರಕರಣ ಮಾತ್ರ ರಾಷ್ಟ್ರೀಯ ಕಾರ್ಯಕ್ರಮದ ಪಟ್ಟಿಗೆ ಸೇರುತ್ತದೆ. ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ ಕಾರ್ಡ್ ಪರೀಕ್ಷೆ ಮಾಡಿಸಿಕೊಂಡು, ಒಡವೆ ಅಡವಿಟ್ಟು ಬಿಲ್ಲು ಕಟ್ಟಿ ಮನೆಗೆ ಹೋದವರು ಸರ್ಕಾರದ ಪಾಲಿಗೆ ಡೆಂಗಿ ರೋಗಿಗಳೇ ಅಲ್ಲ. 2006ರಿಂದ 2012ರವರೆಗಿನ ಅವಧಿಯನ್ನು ಅಭ್ಯಸಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಲಕ್ಷ ಡೆಂಗಿ ಪ್ರಕರಣಗಳು ಆಗಿರಬೇಕು ಎಂದು ಅಂದಾಜಿಸಿತು. ಸರ್ಕಾರ ವರದಿ ಮಾಡಿದ ಸಂಖ್ಯೆಯ 282 ಪಟ್ಟು ಅದು. ಕಡಿಮೆ ಎಣಿಸುವುದು ಬರೀ ಅಸಮರ್ಥತೆಯಲ್ಲ. ಅದರಲ್ಲಿ ಲಾಭವೂ ಇದೆ. ಕಡಿಮೆ ಎಣಿಸಿದರೆ ಕಡಿಮೆ ಹಾಸಿಗೆ, ಕಡಿಮೆ ಸಿಬ್ಬಂದಿ, ಕಡಿಮೆ ಪ್ರಶ್ನೆ. 2017ರಲ್ಲಿ ಪಶ್ಚಿಮ ಬಂಗಾಳದ ಸರ್ಕಾರಿ ವೈದ್ಯರೊಬ್ಬರು ತಮ್ಮ ಆಸ್ಪತ್ರೆಯಲ್ಲಿ ತುಂಬಿ ತುಳುಕುತ್ತಿದ್ದ ಜ್ವರಪೀಡಿತರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಅಮಾನತಾದರು. ಜ್ವರಕ್ಕೆ ಹೆದರದ ಸರ್ಕಾರಗಳು ಜ್ವರದ ಸಂಖ್ಯೆಗೆ ಹೆದರುತ್ತವೆ.

ಈ ಲೆಕ್ಕ ಬರೆದು ತರುವ, ಡ್ರಮ್ಮಿನೊಳಗೆ ಟಾರ್ಚು ಬಿಟ್ಟು ನೋಡುವ ಹೆಂಗಸು ಯಾರು? ಬಹುತೇಕ ಅವಳೊಬ್ಬ ಆಶಾ ಕಾರ್ಯಕರ್ತೆ. ಕಡತದಲ್ಲಿ ಅವಳು ನೌಕರಳಲ್ಲ, ಸ್ವಯಂಸೇವಕಿ. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಡೆಂಗಿಯ ವರ್ಷ ಮುಗಿದ ಕೂಡಲೇ, 2025ರ ಜನವರಿಯ ಚಳಿಯಲ್ಲಿ, ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಧರಣಿ ಕೂರಬೇಕಾಯಿತು. ತಿಂಗಳಿಗೆ 15,000 ಕೇಳಿದವರಿಗೆ ಕನಿಷ್ಠ 10,000 ಸಿಗುವಂತೆ ಮಾಡುವ ಭರವಸೆ ದೊರೆಯಿತು. ನೀರು ಹಿಡಿಯುವವಳು ಹೆಣ್ಣು, ಡ್ರಮ್ಮು ತಿಕ್ಕುವವಳು ಹೆಣ್ಣು, ಅದನ್ನು ತಪಾಸಣೆ ಮಾಡುವವಳೂ ಹೆಣ್ಣು. ಇಬ್ಬರು ಬಡ ಹೆಂಗಸರನ್ನು ಡ್ರಮ್ಮೊಂದರ ಎರಡು ಬದಿಗೆ ಎದುರುಬದುರು ನಿಲ್ಲಿಸಿ, ಅದಕ್ಕೆ ರೋಗ ನಿಯಂತ್ರಣವೆಂದು ಹೆಸರಿಟ್ಟಿದೆ ಪ್ರಭುತ್ವ.

ಆ ಹೆಂಗಸರು ಯಾರನ್ನು ಕೇಳಬೇಕು? ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2024ರ ಡೆಂಗಿ ಬಂದಾಗ ನಗರದ ಒಂದೇ ಒಂದು ವಾರ್ಡಿನಲ್ಲಿಯೂ ಜನ ಆರಿಸಿದ ಕಾರ್ಪೊರೇಟರ್ ಇರಲಿಲ್ಲ. ಬಿಜೆಪಿ ಸರ್ಕಾರದ ಕಾಲದಲ್ಲಿ ತೆರವಾದ ಆ ಕುರ್ಚಿಗಳನ್ನು ಕಾಂಗ್ರೆಸ್ ಸರ್ಕಾರವೂ ಖಾಲಿಯಾಗಿಯೇ ಇಟ್ಟಿತು. ವಿಧಾನಸೌಧದ ಮೆಟ್ಟಿಲ ಮೇಲೆ ಡೆಂಗಿಯ ಬಗ್ಗೆ ಪರಸ್ಪರ ಕೂಗಾಡಿದ ಎರಡೂ ಪಕ್ಷಗಳು ಈ ಒಂದು ವಿಷಯದಲ್ಲಿ ಮಾತ್ರ ಪೂರ್ಣ ಸಹಮತ ಹೊಂದಿದ್ದವು. ಆಡಳಿತಾಧಿಕಾರಿ ದಂಡ ವಿಧಿಸಬಲ್ಲ. ಅವನಿಗೆ ದಂಡ ವಿಧಿಸುವ ಮತಪೆಟ್ಟಿಗೆ ಇಲ್ಲ.

ಇಲ್ಲಿ ಸಾಗರದಾಚೆಯ ಕನ್ನಡಿಗರಿಂದ ಬರುವ ಆಕ್ಷೇಪವೊಂದಿದೆ. "ಸಿಂಗಪುರದಲ್ಲಿ ದಂಡ ಹಾಕುವುದಿಲ್ಲವೇ? ಅಲ್ಲಿ ಎಷ್ಟು ಶಿಸ್ತು! ನಮ್ಮ ಜನಕ್ಕೆ ನಾಗರಿಕ ಪ್ರಜ್ಞೆಯೇ ಇಲ್ಲ." ದಂಡ ಹಾಕುತ್ತಾರೆ, ನಿಜ. ಆದರೆ ಅಲ್ಲಿ ಪ್ರತಿ ಮನೆಯ ನಲ್ಲಿಯಲ್ಲೂ ಹಗಲಿರುಳು ನೀರಿದೆ. ಡ್ರಮ್ಮು ತುಂಬಿಡುವ ಅಗತ್ಯವೇ ಇಲ್ಲದ ಕಡೆ ನೀರು ನಿಲ್ಲಿಸಿದವನನ್ನು ಪ್ರಶ್ನಿಸುವ ನೈತಿಕ ಹಕ್ಕು ಆಡಳಿತಕ್ಕಿದೆ. ಅಲ್ಲಿ ಸೊಳ್ಳೆ ಸಾಕಿದ ನಿರ್ಮಾಣದ ಜಾಗದ ಕೆಲಸವನ್ನೇ ನಿಲ್ಲಿಸುವ ಆದೇಶ ಹೊರಡುತ್ತದೆ. 2016ರಿಂದ ವೊಲ್ಬಾಕಿಯಾ ಸೂಕ್ಷ್ಮಾಣು ಹೊತ್ತ ಗಂಡು ಸೊಳ್ಳೆಗಳನ್ನು ಬಿಟ್ಟು ಸಂತತಿ ತಗ್ಗಿಸುವ ಪ್ರಯೋಗ ಸರ್ಕಾರಿ ಖರ್ಚಿನಲ್ಲಿ ನಡೆದಿದೆ. ಇಷ್ಟೆಲ್ಲ ಇದ್ದೂ 2020ರಲ್ಲಿ ಆ ಪುಟ್ಟ ದೇಶದಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂತು. ಶಿಸ್ತು ಒಂದರಿಂದಲೇ ಸೊಳ್ಳೆ ಸಾಯುವುದಿಲ್ಲ. ಸಿಂಗಪುರದ ನಲ್ಲಿಯನ್ನು ಅಲ್ಲಿಯೇ ಬಿಟ್ಟು ಅದರ ದಂಡವನ್ನಷ್ಟೇ ಆಮದು ಮಾಡಿಕೊಳ್ಳುವುದಕ್ಕೆ ಮಾದರಿ ಎನ್ನಲಾಗದು.

ಅಮೆರಿಕದಲ್ಲಿರುವವರಿಗೆ ಇನ್ನೊಂದು ನೆನಪು ಹತ್ತಿರದ್ದು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ರಾಜಧಾನಿಯಲ್ಲಿ ಇರದೆ ಅಟ್ಲಾಂಟಾದಲ್ಲಿ ಇರುವುದು ಏಕೆ? 1946ರಲ್ಲಿ ಅದು ಹುಟ್ಟಿದ್ದೇ ಯುದ್ಧಕಾಲದ ಮಲೇರಿಯಾ ನಿಯಂತ್ರಣ ಕಚೇರಿಯ ಮುಂದುವರಿಕೆಯಾಗಿ; ಮಲೇರಿಯಾ ಇದ್ದದ್ದು ದಕ್ಷಿಣದ ಬಡ ರಾಜ್ಯಗಳಲ್ಲಿ. ಜೌಗು ಒಣಗಿಸಲು, ಕೀಟನಾಶಕ ಸಿಂಪಡಿಸಲು ಸಾರ್ವಜನಿಕ ಹಣ ಹರಿಯಿತು. ಇಂದಿಗೂ ಅಲ್ಲಿನ ಎಷ್ಟೋ ಕೌಂಟಿಗಳಲ್ಲಿ ಸೊಳ್ಳೆ ನಿಯಂತ್ರಣಕ್ಕೆಂದೇ ಪ್ರತ್ಯೇಕ ಮಂಡಳಿಗಳಿವೆ. ಆಸ್ತಿ ತೆರಿಗೆಯಿಂದ ಅವುಗಳ ಖರ್ಚು ನಡೆಯುತ್ತದೆ. ತಮ್ಮ ಹಿತ್ತಿಲ ಸೊಳ್ಳೆ ಸರ್ಕಾರದ ಕೆಲಸವೆಂದು ಒಪ್ಪಿ ತೆರಿಗೆ ಕಟ್ಟುವವರು, ಊರಿನಲ್ಲಿ ಅದು ಬಡವರ ಸಂಸ್ಕಾರದ ಕೊರತೆ ಎಂದು ತೀರ್ಪು ಕೊಡುವುದು ಯಾವ ನ್ಯಾಯ?

ಆ ತೀರ್ಪು ಕೊಡುವ ಮುನ್ನ ಅನಿವಾಸಿ ಕನ್ನಡಿಗರು ತಮ್ಮ ಆಸ್ತಿ ಪತ್ರಗಳನ್ನೂ ತೆರೆದು ನೋಡಬೇಕು. ಬೆಂಗಳೂರು, ಮೈಸೂರು, ಮಂಗಳೂರಿನ ಬಡಾವಣೆಗಳಲ್ಲಿ ಮುಳ್ಳುಕಂಟಿ, ತೆಂಗಿನ ಚಿಪ್ಪು, ಮಳೆನೀರಿನ ಗುಂಡಿಗಳಿಂದ ತುಂಬಿದ ಖಾಲಿ ನಿವೇಶನಗಳಲ್ಲಿ ಎಷ್ಟು ಡಾಲರಿನಲ್ಲಿ, ದಿರ್ಹಾಮಿನಲ್ಲಿ ಕೊಂಡವು? ಹೂಡಿಕೆಗೆಂದು ಕೊಂಡು ಬೀಗ ಹಾಕಿದ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತ ನೀರನ್ನು ನೋಡುವವರು ಯಾರು? ಪಕ್ಕದ ಮನೆಯ ಮಗುವಿಗೆ ಜ್ವರ ಬಂದಾಗ ದಂಡದ ಚೀಟಿ ಅಂಟಿಸಲು ಆ ನಿವೇಶನಕ್ಕೆ ಬಾಗಿಲೂ ಇಲ್ಲ, ಮಾಲೀಕನ ವಿಳಾಸವೂ ಇಲ್ಲ. ಇದ್ದರೂ 2,000 ರೂಪಾಯಿ ಎಂದರೆ ಅವನಿಗೆ ಒಂದು ಹೊತ್ತಿನ ಹೋಟೆಲ್ ಊಟ. ನಾಗರಿಕ ಪ್ರಜ್ಞೆಯ ಉಪದೇಶ ಮೊದಲು ಹೋಗಬೇಕಾದ ವಿಳಾಸ ಅದು.

ಕೇಳಬೇಕಾದದ್ದು ಬಹಳವೇನಿಲ್ಲ. ದಿನವೂ ನೀರು ಕೊಡಲಾಗದ ಬಡಾವಣೆಯಲ್ಲಿ ಮನೆಯವರಿಗೆ ದಂಡ ಹಾಕಕೂಡದು. ಅಲ್ಲಿ ಸರ್ಕಾರವೇ ಬಿಗಿಯಾದ ಮುಚ್ಚಳದ ಡ್ರಮ್ಮು, ತೊಟ್ಟಿಗೆ ಬಲೆ ಕೊಡಬೇಕು. ಖಾಲಿ ನಿವೇಶನ ಮತ್ತು ನಿರ್ಮಾಣದ ಜಾಗಗಳ ದಂಡ ಜಾಗದ ಮಾರುಕಟ್ಟೆ ಬೆಲೆಗೆ ತಕ್ಕಂತೆ ಇರಬೇಕು. ತಪ್ಪು ಮರುಕಳಿಸಿದರೆ ಕೆಲಸ ನಿಲ್ಲಬೇಕು. ಕಾರ್ಮಿಕರ ಶೆಡ್ಡಿಗೆ ಸೊಳ್ಳೆಪರದೆ, ಜ್ವರದ ದಿನಗಳಿಗೆ ಕೂಲಿ ಬಿಲ್ಡರಿನ ಹೊಣೆಯಾಗಬೇಕು. ಖಾಸಗಿ ಆಸ್ಪತ್ರೆಗಳ ಜ್ವರದ ಪ್ರಕರಣಗಳೂ ಸೇರಿ ವಾರ್ಡುವಾರು ಅಂಕಿ ಅಂಶ ವಾರವಾರ ಪ್ರಕಟವಾಗಬೇಕು, ಮರಣ ಪರಿಶೋಧನೆಯ ವರದಿ ಸಾರ್ವಜನಿಕರ ಕೈಗೆ ಸಿಗಬೇಕು. ಆಶಾ ಕಾರ್ಯಕರ್ತೆಗೆ ನೌಕರಿಯ ಹೆಸರೂ ಸಂಬಳವೂ ಸಿಗಬೇಕು. ವಾರ್ಡಿಗೊಬ್ಬ ಚುನಾಯಿತ ಪ್ರತಿನಿಧಿ ಇರಲೇಬೇಕು.

ವರ್ಷ ವರ್ಷವೂ ಸಚಿವರು ಕನ್ನಡ ಕೂಟಗಳ ಅತಿಥಿಗಳಾಗಿ ಕಡಲು ದಾಟಿ ಬರುತ್ತಾರೆ. ಶಾಲು, ಹಾರ, ಪೇಟಗಳ ನಡುವೆ ಹೂಡಿಕೆಯ ಆಹ್ವಾನ ನೀಡಿ ಮರಳುತ್ತಾರೆ. ಅಂಥದೊಂದು ವೇದಿಕೆಯ ಕೆಳಗಿನಿಂದ ಯಾರಾದರೂ ಎದ್ದು ಒಂದೇ ಪ್ರಶ್ನೆ ಕೇಳಬಹುದು: ಕಳೆದ ಮಳೆಗಾಲದಲ್ಲಿ ದಂಡ ತೆತ್ತ ಎಷ್ಟು ಮನೆಗಳಲ್ಲಿ ದಿನವೂ ನೀರು ಬರುತ್ತಿತ್ತು? ಉತ್ತರ ಬರುವವರೆಗೆ ಚಪ್ಪಾಳೆ ಕಾಯಲಿ.